ಕೈಚೆಲ್ಲಿ ನಿಂತ ಬ್ಯಾಡಗಿ ಸಸಿಗಳು: ಬಿಸಿ ಗ್ರೀನ್‌ಹೌಸಿನ ಒಂದು ಪ್ರಕರಣ

ಮಾರ್ಚ್ ಕೊನೆಯ ವಾರದ ಒಂದು ಬೆಳಗ್ಗೆ ಗ್ರೀನ್‌ಹೌಸಿನ ಬಾಗಿಲು ತೆಗೆದೆ. ನನ್ನ 48 ಮೆಣಸಿನ ಸಸಿಗಳೂ ಕೈಚೆಲ್ಲಿ ನಿಂತಿದ್ದವು. ಒಣಗಿರಲಿಲ್ಲ. ಬಾಡಿರಲೂ ಇಲ್ಲ. ಎಲೆಗಳೆಲ್ಲ ನೆಲ ನೋಡುತ್ತಿದ್ದವು, ಅಷ್ಟೆ. ಹೊರಗೆ ಮೈನಸ್ 9 ಡಿಗ್ರಿ. ಒಳಗೆ ರಾತ್ರಿಯಿಡೀ 16 ಡಿಗ್ರಿಗಿಂತ ಕೆಳಗೆ ಇಳಿದಿಲ್ಲ ಎಂದು ಥರ್ಮಾಮೀಟರ್ ಹೇಳುತ್ತಿತ್ತು. ನೀರಿತ್ತು, ಬೆಳಕಿತ್ತು, ಗೊಬ್ಬರವಿತ್ತು. ಸಸಿಗೆ ಬೇಕಾದ್ದೆಲ್ಲ ಕೊಟ್ಟಿದ್ದೇನೆ ಎಂದುಕೊಂಡಿದ್ದವನಿಗೆ ತಲೆ ಕೆರೆದುಕೊಳ್ಳುವುದೊಂದೇ ಉಳಿದ ಕೆಲಸ.

ಅಲ್ಲಿಂದ ಕಾರಣ ಸಿಗುವವರೆಗೆ ಏಳು ದಿನ ಹಿಡಿಯಿತು. ಆ ಏಳು ದಿನದಲ್ಲಿ ನಾನು ಮಾಡಿದ ಮೂರು ತಪ್ಪುಗಳನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ. ಚಳಿ ದೇಶದಲ್ಲಿ ಮೆಣಸಿನ ಅಗಿ ಹಾಕುವ ನಮ್ಮವರು ಈಗ ಬಹಳ ಮಂದಿ ಇದ್ದಾರೆ. ಅವರಲ್ಲಿ ಕೆಲವರಾದರೂ ನನ್ನಂಥದ್ದೇ ಹೀಟರ್ ಇಟ್ಟುಕೊಂಡಿರುತ್ತಾರೆ.

ಇಲ್ಲಿ ಬ್ಯಾಡಗಿ ಯಾಕೆ

ನಾನು ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನವನು. ಈಗ ಇರುವುದು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಊರಿಂದ ಮುಕ್ಕಾಲು ಗಂಟೆ ದಾರಿ. ಒಣಗಿದ ಬ್ಯಾಡಗಿ ಮೆಣಸಿನಕಾಯಿ ಇಲ್ಲಿಯ ಇಂಡಿಯನ್ ಅಂಗಡಿಯಲ್ಲೇ ಸಿಗುತ್ತದೆ. ಹಾಗಾದರೆ ಬೆಳೆಯುವ ಹಟ ಯಾಕೆ ಎಂದು ಮನೆಯವಳು ವರ್ಷಕ್ಕೊಮ್ಮೆ ಕೇಳುತ್ತಾಳೆ. ಗ್ಯಾಸಿನ ಬಿಲ್ಲು ಬಂದ ದಿನ ಎರಡು ಸಲ ಕೇಳುತ್ತಾಳೆ. ಗಿಡದಲ್ಲೇ ಹಣ್ಣಾಗಿ, ಅಲ್ಲೇ ಸುಕ್ಕುಗಟ್ಟುವ ಆ ಕಡುಗೆಂಪನ್ನು ಕಣ್ಣಿಂದ ನೋಡಬೇಕು ಎನ್ನುವುದನ್ನು ಬಿಟ್ಟರೆ ನನ್ನ ಹತ್ತಿರ ಬೇರೆ ಉತ್ತರವಿಲ್ಲ.

ಖಾರ ಕಡಿಮೆ, ಬಣ್ಣ ಜಾಸ್ತಿ: ಬ್ಯಾಡಗಿಯ ಹೆಚ್ಚುಗಾರಿಕೆ ಅದು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಟ್ಯಾಗ್, ಸಿಕ್ಕಿತು. ತೊಂದರೆ ಏನೆಂದರೆ ಇದು ಆರಾಮದ ಬೆಳೆ. ನಮ್ಮ ಕಡೆ ಮುಂಗಾರಿನಲ್ಲಿ ಹಾಕಿದರೆ ಕೆಂಪು ಕಾಯಿ ಪೇಟೆಗೆ ಬರುವುದು ಹೊಸ ವರ್ಷದ ಹೊತ್ತಿಗೆ. ಮಿಶಿಗನ್ನಿನಲ್ಲಿ ಅಷ್ಟು ಪುರಸೊತ್ತು ಇಲ್ಲ. ಮೇ ಮಧ್ಯದವರೆಗೂ ಮಂಜುಗಟ್ಟುವ ಭಯ. ಮಣ್ಣು ಬೆಚ್ಚಗಾಗಿ ಮೆಣಸಿನ ಸಸಿ ನೆಡಲು ಮೇ ಕೊನೆ ಬರಬೇಕು. ಅಕ್ಟೋಬರ್ ಬಂತೆಂದರೆ ಮತ್ತೆ ಹಿಮದ ಕಾಟ. ಕೈಗೆ ಸಿಗುವುದು ನಾಲ್ಕು ತಿಂಗಳು, ಹೆಚ್ಚೆಂದರೆ ನಾಲ್ಕೂವರೆ. ಹಾಗಾಗಿ ಹೊಲದಲ್ಲಿ ಕಳೆಯಬೇಕಾದ ಎರಡು ಮೂರು ತಿಂಗಳನ್ನು ಗಿಡ ಒಳಗೇ ಕಳೆಯಬೇಕು. ಇಲ್ಲದಿದ್ದರೆ ಹಸಿರು ಕಾಯಿ ಬಜ್ಜಿಗೇ ಗತಿ.

ಬೀಜದ ಬಗ್ಗೆ ಒಂದು ಮಾತು. ಊರಿಂದ ಚೀಟಿಯಲ್ಲಿ ಕಟ್ಟಿಕೊಂಡು ಬರುವ ಆಸೆ ಎಲ್ಲರಿಗೂ ಇರುತ್ತದೆ. ಕಾಗದಪತ್ರ ಇಲ್ಲದೆ ಹಾಗೆ ತರುವಂತಿಲ್ಲ. ಟೊಮ್ಯಾಟೊ ಮತ್ತು ಮೆಣಸಿಗೆ ತಗಲುವ ಒಂದು ಹೊಸ ವೈರಸ್ಸಿನ ಭಯದಿಂದ 2019ರಲ್ಲಿ ಈ ಎರಡು ಬೀಜಗಳ ಆಮದಿನ ಮೇಲೆ ಅಮೆರಿಕ ಇನ್ನೂ ಬಿಗಿ ಮಾಡಿತು. ನಾನು ಇಲ್ಲಿಯೇ ಬೀಜ ಮಾರುವವರಿಂದ ತರಿಸಿದೆ. ಪೊಟ್ಟಣದ ಮೇಲೆ ಬ್ಯಾಡಗಿ ಅಂತಿತ್ತು. ಬ್ಯಾಡಗಿಯ ಎರಡು ಬಗೆಗಳಲ್ಲಿ ಇದು ಡಬ್ಬಿಯೋ ಕಡ್ಡಿಯೋ ಎಂದು ಕೇಳಿದರೆ ಅವರಿಗೆ ನಾನೇನು ಕೇಳುತ್ತಿದ್ದೇನೆ ಎಂದೇ ತಿಳಿಯಲಿಲ್ಲ.

ಗ್ರೀನ್‌ಹೌಸು, ಅದರ ಚಳಿಯ ಲೆಕ್ಕ

ಹಿತ್ತಲಲ್ಲಿ ಇರುವುದು 10 ಅಡಿಗೆ 12 ಅಡಿಯ ಪುಟ್ಟ ಗ್ರೀನ್‌ಹೌಸು. ಅಲ್ಯೂಮಿನಿಯಂ ಚೌಕಟ್ಟು, 8 ಮಿಲಿಮೀಟರಿನ ಎರಡು ಪದರದ ಪಾಲಿಕಾರ್ಬೊನೇಟ್ ಹಾಳೆ. ಗೋಡೆ, ಮಾಡು, ಎಲ್ಲ ಸೇರಿ ಸುಮಾರು 40 ಚದರ ಮೀಟರ್ ಮೈ ಹೊರಗಿನ ಗಾಳಿಗೆ ಒಡ್ಡಿಕೊಂಡಿದೆ. ಈ ಹಾಳೆಯ ಒಂದು ಚದರ ಮೀಟರಿನಿಂದ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದರೆ, ಸುಮಾರು 3.5 ವ್ಯಾಟ್ ಶಾಖ ಸೋರಿಹೋಗುತ್ತದೆ. ಹೊರಗೆ ಮೈನಸ್ 12, ಒಳಗೆ 16 ಬೇಕು ಅಂದರೆ 28 ಡಿಗ್ರಿ ವ್ಯತ್ಯಾಸ. 40 ಗುಣಿಸು 3.5 ಗುಣಿಸು 28. ಹತ್ತಿರ ಹತ್ತಿರ 4 ಕಿಲೋವ್ಯಾಟ್. ಸಂದುಗಳಿಂದ ನುಗ್ಗುವ ಗಾಳಿಯ ಲೆಕ್ಕ ಬೇರೆ.

ಇಲ್ಲಿ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕರೆಂಟ್ ಹೀಟರ್ 1,500 ವ್ಯಾಟ್. ಮೂರು ಬೇಕು. ನನ್ನ ಹಿತ್ತಲಿಗೆ ಇದ್ದದ್ದು ಒಂದೇ ಲೈನು. ಅದೂ 120 ವೋಲ್ಟಿನ 15 ಆಂಪಿಯರ್ ಲೈನು. 1,800 ವ್ಯಾಟ್ ದಾಟಿದರೆ ಫ್ಯೂಸ್ ಬೀಳುತ್ತದೆ. ಎಲೆಕ್ಟ್ರಿಷಿಯನ್ ಕೇಳಿದ ದುಡ್ಡಿಗೆ ಹೆದರಿ ನಾನು ಪ್ರೊಪೇನ್ ಹೀಟರ್ ತಂದೆ. ಸಿಲಿಂಡರಿಗೆ ಹಚ್ಚಿ ನೆಲದ ಮೇಲಿಡುವ ಮಾದರಿ. ದೊಡ್ಡದಾಗಿ ಉರಿಸಿದರೆ ಗಂಟೆಗೆ 18,000 ಬಿಟಿಯು, ಅಂದರೆ 5 ಕಿಲೋವ್ಯಾಟಿಗೂ ತುಸು ಹೆಚ್ಚು. ಹೊಗೆ ಹೊರಗೆ ಹೋಗಲು ಚಿಮಣಿ ಇಲ್ಲ. ಉರಿದದ್ದೆಲ್ಲ ಒಳಗೇ.

ಹಿಂದಿನ ಎರಡು ವರ್ಷ ಇದೇ ಹೀಟರ್ ಏನೂ ತೊಂದರೆ ಕೊಟ್ಟಿರಲಿಲ್ಲ. ಅದಕ್ಕೇ ಈ ಸಲ ಅದರ ಮೇಲೆ ಅನುಮಾನ ಬರುವುದು ಅಷ್ಟು ತಡವಾಯಿತು.

ಫೆಬ್ರವರಿಯಿಂದ ಮಾರ್ಚ್

ಫೆಬ್ರವರಿ 5ಕ್ಕೆ ಬೀಜ ಹಾಕಿದೆ. 72 ಕುಳಿಯ ಟ್ರೇ, ತೆಂಗಿನ ನಾರಿನ ಪುಡಿ ಬೆರೆಸಿದ ಮಿಶ್ರಣ, ಬೀಜ ಅರ್ಧ ಸೆಂಟಿಮೀಟರ್ ಆಳ. ಮೆಣಸಿನ ಬೀಜಕ್ಕೆ ಗಾಳಿಯ ಬಿಸಿಗಿಂತ ಮಣ್ಣಿನ ಬಿಸಿ ಮುಖ್ಯ. 27, 28 ಡಿಗ್ರಿ ಇದ್ದರೆ ಹತ್ತು ದಿನದೊಳಗೆ ಮೊಳಕೆ. 18ಕ್ಕೆ ಇಳಿದರೆ ಮೂರು ವಾರ ಕಾಯಿಸುತ್ತದೆ, ಅಷ್ಟರಲ್ಲಿ ಅರ್ಧ ಬೀಜ ಕೊಳೆತಿರುತ್ತದೆ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಹೀಟ್ ಮ್ಯಾಟಿನ, ಅಂದರೆ ಕರೆಂಟಿನಿಂದ ಬಿಸಿಯಾಗುವ ಚಾಪೆಯ, ಮೇಲೆ ಟ್ರೇ ಇಟ್ಟೆ. ಒಂಬತ್ತನೇ ದಿನ ಮೊದಲ ಕುಣಿಕೆ ಮೇಲೆದ್ದಿತು. 61 ಹುಟ್ಟಿದವು. ಐದು ಸಸಿ ಬುಡ ಕೊಳೆತು ಬಿದ್ದವು, ಅದು ನಾನು ನೀರು ಜಾಸ್ತಿ ಹಾಕಿದ್ದರ ಫಲ. ಉಳಿದ 56ರಲ್ಲಿ 48ನ್ನು ಸಣ್ಣ ಕುಂಡಗಳಿಗೆ ಬದಲಿಸಿ ಮಾರ್ಚ್ 12ರಂದು ಗ್ರೀನ್‌ಹೌಸಿಗೆ ಸಾಗಿಸಿದೆ. ಜಾಗ ಸಾಲದೆ ಎಂಟು ಸಸಿ ಅಡುಗೆಮನೆಯ ಕಿಟಕಿಯಲ್ಲೇ ಉಳಿದವು. ಆ ಎಂಟು ಹೀಗೆ ಸುಮ್ನೆ ಉಳಿದದ್ದು ಮುಂದೆ ನನ್ನ ಪುಣ್ಯಕ್ಕೆ ಆಯಿತು.

ಮೊದಲ ವಾರ ಚೆನ್ನಾಗಿತ್ತು. ಹಗಲು ಬಿಸಿಲಿಗೆ ಒಳಗೆ 25 ಡಿಗ್ರಿ ಏರುತ್ತಿತ್ತು, ರಾತ್ರಿ ಹೀಟರ್ ಸಣ್ಣಗೆ ಉರಿಯುತ್ತಿತ್ತು. 19ರಂದು ಚಳಿ ಮತ್ತೆ ತಿರುಗಿ ಬಂತು. 9 ಕೆ.ಜಿ.ಯ ಸಿಲಿಂಡರ್ ಮೂರು ರಾತ್ರಿಗೇ ಖಾಲಿ. ಜೀವ ಚುರುಗುಟ್ಟಿತು. ಶಾಖ ಎಲ್ಲಿ ಸೋರುತ್ತಿದೆ ಎಂದು ಊದುಬತ್ತಿ ಹಚ್ಚಿಕೊಂಡು ಹುಡುಕಿದೆ. ಹೊಗೆ ಅಲ್ಲಾಡಿದ ಕಡೆಯೆಲ್ಲ ಟೇಪು ಹಚ್ಚಿದೆ. ಬಾಗಿಲ ಸಂದಿಗೆ ರಬ್ಬರ್ ಪಟ್ಟಿ. ಮಾಡಿನ ಕಿಂಡಿಗೆ ಗುಳ್ಳೆ ಪ್ಲಾಸ್ಟಿಕ್. ಸಾಮಾನು ಪ್ಯಾಕ್ ಮಾಡಲು ಬಳಸುತ್ತಾರಲ್ಲ, ಅದೇ. ಸಂಜೆ ಹೊತ್ತಿಗೆ ಗ್ರೀನ್‌ಹೌಸು ಮುಚ್ಚಳ ಹಾಕಿದ ಡಬ್ಬಿಯಂತೆ ಗಟ್ಟಿಯಾಯಿತು. ಅವತ್ತು ನನ್ನ ಕೆಲಸ ನೋಡಿ ನನಗೇ ಹೆಮ್ಮೆ.

ಎಲೆ ಬಾಗಿದ ರೀತಿ

25ರ ಬೆಳಗ್ಗೆ ಕಂಡದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರೋಗ ಪತ್ತೆ ಹಚ್ಚುವ ಕೀಲಿ ಅಲ್ಲೇ ಇತ್ತು, ನನಗೆ ಕಾಣಲಿಲ್ಲ ಅಷ್ಟೆ.

ನೀರಿಲ್ಲದೆ ಬಾಡಿದ ಎಲೆ ಬಟ್ಟೆಯ ಹಾಗೆ ಇರುತ್ತದೆ. ಬೆರಳಿಂದ ಎತ್ತಿದರೆ ಎತ್ತಿದ ಕಡೆ ಬರುತ್ತದೆ, ಬಿಟ್ಟರೆ ಸೋತು ಬೀಳುತ್ತದೆ. ಇಲ್ಲಿ ಹಾಗಿರಲಿಲ್ಲ. ಎಲೆಯ ಹಾಳೆ ಗಟ್ಟಿಯಾಗಿ, ನೀರುಂಡು, ಹೊಳೆಯುತ್ತಿತ್ತು. ಬಾಗಿದ್ದು ತೊಟ್ಟು ಮಾತ್ರ. ಕಾಂಡಕ್ಕೆ ತೊಟ್ಟು ಸೇರುವ ಜಾಗದಲ್ಲಿ ಯಾರೋ ಒತ್ತಿ ಕೆಳಗೆ ತಿರುಗಿಸಿದ ಹಾಗೆ. ಒಂದು ಎಲೆಯನ್ನು ಬೆರಳಿಂದ ಮೇಲೆತ್ತಿದೆ. ಸ್ಪ್ರಿಂಗಿನ ಹಾಗೆ ಎದುರು ಒತ್ತಿತು. ಬಿಟ್ಟ ತಕ್ಷಣ ಟಕ್ಕನೆ ಹಳೆಯ ಜಾಗಕ್ಕೇ ಹೋಯಿತು. ಕೆಳಗಿನ ಎಲೆಗಳು ಹಳದಿಗೆ ತಿರುಗಿದ್ದವು. ಬೀಜದೆಲೆಗಳು ಮುಟ್ಟಿದರೆ ಉದುರುತ್ತಿದ್ದವು. ತುದಿಯ ಎಳೆ ಚಿಗುರು ಮಾತ್ರ ಹೆಚ್ಚುಕಡಿಮೆ ನೆಟ್ಟಗಿತ್ತು.

ಮೂಲೆಯಲ್ಲಿ ಇನ್ನೂ ಎರಡು ಸಾಕ್ಷಿಗಳಿದ್ದವು. ಹಿಂದಿನ ವರ್ಷದಿಂದ ಉಳಿಸಿಕೊಂಡಿದ್ದ ಒಂದು ಹಳೆಯ ಮೆಣಸಿನ ಗಿಡ, ಮೊಗ್ಗು ಬಿಟ್ಟಿತ್ತು. ಮೊಗ್ಗೆಲ್ಲ ಕುಂಡದ ಸುತ್ತ ಉದುರಿ ಬಿದ್ದಿದ್ದವು. ಇನ್ನೊಂದು, ಆರು ಟೊಮ್ಯಾಟೊ ಸಸಿ. ಅವುಗಳ ಅವಸ್ಥೆ ಮೆಣಸಿಗಿಂತ ಕೆಟ್ಟದ್ದು. ಎಲೆಗಳು ಕಾಂಡಕ್ಕೇ ಅಂಟಿಕೊಂಡು, ನೆನೆದ ಕೊಡೆ ಮಡಚಿದ ಹಾಗಿದ್ದವು. ನಾನು ಮೆಣಸಿನ ಚಿಂತೆಯಲ್ಲಿದ್ದೆ, ಟೊಮ್ಯಾಟೊ ಕಡೆ ನೋಡಿ 'ಇವಕ್ಕೂ ಅದೇ' ಎಂದುಕೊಂಡು ಮುಂದೆ ಹೋದೆ.

ನಾನು ಹಿಡಿದ ತಪ್ಪು ದಾರಿಗಳು

ಮೊದಲ ಅನುಮಾನ ನೀರಿನ ಮೇಲೆ. ಒಂದು ಸಸಿಯನ್ನು ಕುಂಡ ಸಮೇತ ತಲೆಕೆಳಗು ಮಾಡಿ ಬೇರು ನೋಡಿದೆ. ಬೆಳ್ಳಗೆ, ಕೂದಲು ಬೇರು ಸಮೇತ ಚೆನ್ನಾಗಿತ್ತು. ಕೊಳೆತ ವಾಸನೆ ಇಲ್ಲ. ಅಷ್ಟಾದರೂ ಎರಡು ದಿನ ನೀರು ನಿಲ್ಲಿಸಿದೆ. ಮೊದಲನೇ ತಪ್ಪು. ಬಾಗಿದ ಸಸಿ ಈಗ ಬಾಡಿತು ಕೂಡ.

ಎರಡನೇ ಅನುಮಾನ ಅವ್ವನದು. ವಿಡಿಯೊ ಕಾಲಿನಲ್ಲಿ ಸಸಿ ತೋರಿಸಿದೆ. "ಮುಟ್ರ ಬಂದೈತಿ ತಮ್ಮಾ, ಎಲಿ ತಿರುವಿ ನೋಡು" ಅಂದಳು. ಮೆಣಸಿನ ಮುಟುರು ರೋಗ ಗೊತ್ತಿಲ್ಲದ ರೈತರು ನಮ್ಮ ಜಿಲ್ಲೆಯಲ್ಲಿ ಇಲ್ಲ. ಥ್ರಿಪ್ಸ್ ನುಸಿ ರಸ ಹೀರಿದರೆ ಎಲೆಯ ಅಂಚು ಮೇಲಕ್ಕೆ ಮುದುಡುತ್ತದೆ. ಮೈಟ್ ನುಸಿಯಾದರೆ ಅಂಚು ಕೆಳಕ್ಕೆ ಮುದುಡಿ ಎಲೆ ಬೋರಲು ಹಾಕಿದ ದೋಣಿಯ ಹಾಗಾಗುತ್ತದೆ. ನನ್ನದು ಕೆಳಕ್ಕೆ ಬಾಗಿತ್ತು ತಾನೆ, ಮೈಟ್ ಇರಬೇಕು ಎಂದು ಹೊರಟೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿಯಲ್ಲಿ ಚಿಗುರಿನ ಸಂದಿಯನ್ನೆಲ್ಲ ತಡಕಿದೆ. ಒಂದು ಹುಳವೂ ಸಿಗಲಿಲ್ಲ. ಕಣ್ಣಿಗೆ ಕಾಣದ್ದಿರಬಹುದು ಎಂದು ಸಂಜೆ ಬೇವಿನ ಎಣ್ಣೆ ಸಿಂಪಡಿಸಿಬಿಟ್ಟೆ. ಎರಡನೇ ತಪ್ಪು. ಮೊದಲೇ ನೀರು ತೊಟ್ಟಿಕ್ಕುತ್ತಿದ್ದ ಮುಚ್ಚಿದ ಕೋಣೆ, ಅದರ ಮೇಲೆ ಎಣ್ಣೆ. ಕೆಲವು ಎಲೆಗಳ ಮೇಲೆ ಸುಟ್ಟ ಹಾಗೆ ಕಲೆ ಎದ್ದವು.

ಈಗ ಯೋಚಿಸಿದರೆ ಗೊತ್ತಾಗುತ್ತದೆ. ಮೈಟ್ ಕಾಟದಲ್ಲಿ ಮುದುಡುವುದು ಎಲೆಯ ಹಾಳೆ, ಅದೂ ಎಳೆ ಎಲೆ ಮೊದಲು. ನನ್ನ ಸಸಿಯಲ್ಲಿ ಹಾಳೆ ಚಪ್ಪಟೆಯಾಗಿಯೇ ಇತ್ತು, ಚಿಗುರು ನೆಟ್ಟಗಿತ್ತು, ಬಾಗಿದ್ದು ತೊಟ್ಟು. ಇನ್ನೂ ಒಂದು ವಿಷಯ. ಹುಳವಾಗಲಿ ರೋಗವಾಗಲಿ ಒಂದು ಮೂಲೆಯಿಂದ ಶುರುವಾಗಿ ಹಬ್ಬುತ್ತದೆ. ಇಲ್ಲಿ ಹೀಟರ್ ಪಕ್ಕದ್ದು, ಬಾಗಿಲ ಪಕ್ಕದ್ದು, ಮೇಲಿನ ಹಲಗೆಯದು, ಕೆಳಗಿನದು ಎನ್ನದೆ 48ಕ್ಕೆ 48ಕ್ಕೂ ಒಂದೇ ರಾತ್ರಿಯಲ್ಲಿ ಒಂದೇ ಕಾಯಿಲೆ. ಹಾಗೆ ಬಂದರೆ ಎಲ್ಲರೂ ಉಸಿರಾಡುವ ಗಾಳಿಯ ಮೇಲೂ ಅನುಮಾನ ಪಡಬೇಕು.

ಮೂರನೇ ತಪ್ಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳದಿ ಎಲೆ ನೋಡಿ ಗೊಬ್ಬರದ ನೀರು ಕೊಟ್ಟೆ. ಬೆಳೆಯುವುದನ್ನೇ ನಿಲ್ಲಿಸಿದ ಸಸಿಗೆ ಊಟ ಬಡಿಸಿದ ಹಾಗೆ.

ಈಸ್ಟ್ ಲ್ಯಾನ್ಸಿಂಗ್ ಊರಿನಲ್ಲಿ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಸಸ್ಯರೋಗ ಪರೀಕ್ಷಾ ಲ್ಯಾಬ್ ಇದೆ. ದುಡ್ಡು ಕಟ್ಟಿ ಸಸಿ ಕಳಿಸಿದರೆ ನೋಡಿ ಹೇಳುತ್ತಾರೆ. ಕಳಿಸುವ ಡಬ್ಬಿ ಕೂಡ ರೆಡಿ ಮಾಡಿದ್ದೆ.

ತಲೆನೋವು

ಆರನೇ ದಿನ ಬೆಳಗ್ಗೆ ಗ್ರೀನ್‌ಹೌಸಿಂದ ಬಂದು ಕಾಫಿ ಮುಂದೆ ಹಣೆ ಒತ್ತಿಕೊಂಡು ಕೂತಿದ್ದೆ. ಮನೆಯವಳು ತುಮಕೂರಿನ ಕಡೆಯವಳು, ಸಸಿಯ ಕಡೆ ತಲೆ ಹಾಕುವವಳಲ್ಲ. "ರೀ, ನಿಮ್ಗೆ ಅಲ್ಲಿಗೆ ಹೋಗ್ಬಂದಾಗ್ಲೇ ತಲೆ ನೋಯುತ್ತೆ ಅಲ್ವಾ? ನಿನ್ನೇನೂ ಹೀಗೇ ಕೂತಿದ್ರಿ" ಅಂದಳು.

ಹೌದಲ್ಲ. ಮೊನ್ನೆಯೂ.

ಮಲಗುವ ಕೋಣೆಯ ಹೊರಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆ. ಅದನ್ನು ಕಿತ್ತು ತಂದು ಗ್ರೀನ್‌ಹೌಸಿನ ಬೆಂಚಿನ ಮೇಲಿಟ್ಟೆ. ಹೀಟರ್ ಹಚ್ಚಿ, ಬಾಗಿಲು ಹಾಕಿ, ನಾನು ಹೊರಗೆ ನಿಂತು ಹಾಳೆಯ ಮೂಲಕ ನೋಡುತ್ತಿದ್ದೆ. ಸ್ವಲ್ಪ ಹೊತ್ತು ಸೊನ್ನೆ. ಆಮೇಲೆ 34 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಗೆ 34 ಪಾಲು. ಅರ್ಧ ಗಂಟೆ ಆಗುವಷ್ಟರಲ್ಲಿ 64. ಅಲಾರಂ ಹೊಡೆದುಕೊಳ್ಳುವ ಮೊದಲೇ ಬಾಗಿಲು ತೆರೆದಿಟ್ಟು, ಸಿಲಿಂಡರ್ ಬಂದ್ ಮಾಡಿದೆ. ಕೈ ಸಣ್ಣಗೆ ನಡುಗುತ್ತಿತ್ತು. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಗ್ಯಾಸು ಮನುಷ್ಯರನ್ನು ನಿದ್ದೆಯಲ್ಲೇ ಮುಗಿಸುತ್ತದೆ. ನಾನು ಒಂದು ವಾರದಿಂದ ಬೆಳಗ್ಗೆ ಕಾಲು ಗಂಟೆ ಅದರೊಳಗೆ ನಿಂತು ಎಲೆ ಎಣಿಸುತ್ತಿದ್ದೆ.

ಹೀಟರ್ ತಣ್ಣಗಾದ ಮೇಲೆ ಬಿಚ್ಚಿ ನೋಡಿದೆ. ಬರ್ನರಿಗೆ ಗಾಳಿ ಹೋಗುವ ಕೊಳವೆಯಲ್ಲಿ ಜೇಡರ ಬಲೆ. ಬೇಸಿಗೆಯಿಡೀ ಗ್ಯಾರೇಜಿನಲ್ಲಿ ಇಟ್ಟಿದ್ದಾಗ ಕಟ್ಟಿಕೊಂಡಿತ್ತು. ಜ್ವಾಲೆಯ ತುದಿ ಹಳದಿಯಾಗಿ ಆಡುವುದನ್ನು ನಾನು ಕಂಡಿದ್ದೆ. ಚಳಿಗಾಲದ ಬೆಂಕಿ ಚೆಂದ ಕಾಣುತ್ತದೆ ಎಂದುಕೊಂಡಿದ್ದೆ. ಪ್ರೊಪೇನ್ ಸರಿಯಾಗಿ ಉರಿದರೆ ನೀಲಿ. ಹಳದಿ ಅಂದರೆ ಗಾಳಿ ಸಾಲುತ್ತಿಲ್ಲ, ಅರೆಬರೆ ಉರಿಯುತ್ತಿದೆ ಎಂದರ್ಥ. ಕೊಳವೆಯಲ್ಲಿ ಬಲೆ, ಗ್ರೀನ್‌ಹೌಸಿಗೆಲ್ಲ ಟೇಪು. ಎರಡೂ ಕಡೆಯಿಂದ ಅದರ ಉಸಿರು ಕಟ್ಟಿದ್ದೆ.

ಹೀಟರಿನಲ್ಲಿ ಆಮ್ಲಜನಕ ಕಡಿಮೆಯಾದರೆ ತಾನೇ ಆರುವ ವ್ಯವಸ್ಥೆ ಇತ್ತು. ಅದು ಯಾಕೆ ಆರಲಿಲ್ಲ? ಅಂಥ ವ್ಯವಸ್ಥೆ ಕೆಲಸ ಮಾಡುವುದು ಗಾಳಿಯಲ್ಲಿ ನೂರಕ್ಕೆ 21 ಪಾಲು ಇರುವ ಆಮ್ಲಜನಕ ಸುಮಾರು 18ಕ್ಕೆ ಇಳಿದಾಗ. ಅದು ಕೂಡ ಮನುಷ್ಯರ ಲೆಕ್ಕ. ಸಸಿಗೆ ಅದಕ್ಕಿಂತ ಎಷ್ಟೋ ಮೊದಲೇ ಪೆಟ್ಟು ಬಿದ್ದಿರುತ್ತದೆ.

ಅವತ್ತು ರಾತ್ರಿ ಅವ್ವನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅಲಾರಂ, ಕಾರ್ಬನ್ನು, ಏನೂ ಅವಳ ತಲೆಗೆ ಹೋಗಲಿಲ್ಲ. "ಬೆಂಕಿ ಹಚ್ಚಿ, ಸಂದಿಗೊಂದಿ ಮೆತ್ತಿ, ಬಾಗಲಾ ಬಡದಿಯೇನು?" ಎಂದು ಕೇಳಿದಳು. ಹೂಂ ಅಂದೆ. "ಬಾಳಿಗೊನಿಗೆ ಹೊಗಿ ಹಾಕಿದಂಗ ಆತಲ್ಲೋ! ಎಲಿ ಹಣ್ಣಾಗದ ಇನ್ನೇನ್ ಆಗತೈತಿ?"

ಬಾಳೆಗೊನೆಯ ಹೊಗೆ

ನಮ್ಮಜ್ಜನ ಮನೆಯಲ್ಲಿ ಹಬ್ಬಕ್ಕೆ ಮುಂಚೆ ಬಾಳೆಗೊನೆ ಹಣ್ಣು ಮಾಡುತ್ತಿದ್ದದ್ದು ಹೀಗೆ. ಕಿಟಕಿಯಿಲ್ಲದ ಸಣ್ಣ ಕೋಣೆ. ಒಣಗಿದ ಬಾಳೆ ಎಲೆ ಹೊದೆಸಿದ ಗೊನೆಗಳು. ಮೂಲೆಯಲ್ಲಿ ಮಡಕೆ, ಅದರಲ್ಲಿ ಕುಳ್ಳು ಮತ್ತು ತೌಡು ಹಾಕಿ ಹೊಗೆಯಾಡುವಷ್ಟೇ ಕೆಂಡ. ಬಾಗಿಲು ಹಾಕಿ ಸಂದಿಗೆ ಸೆಗಣಿ ಮೆತ್ತಿಬಿಡುತ್ತಿದ್ದರು. ಒಂದು ದಿನ ಬಿಟ್ಟು ತೆಗೆದರೆ ಕಾಯಿ ತಿರುಗಿರುತ್ತಿತ್ತು. ಅರೆಬರೆ ಉರಿಯುವ ಹೊಗೆಯಲ್ಲಿ ಇರುವ ಎಥಿಲೀನ್ ಅನಿಲದ ಕೆಲಸ ಅದು. ಇವತ್ತು ಪೇಟೆಯ ಹಣ್ಣು ಮಾಡುವ ಕೋಣೆಗಳಲ್ಲಿ ಅದೇ ಎಥಿಲೀನನ್ನು ಸಿಲಿಂಡರಿನಿಂದ ಬಿಡುತ್ತಾರೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 100 ಪಿಪಿಎಂವರೆಗೆ ಅದಕ್ಕೆ ಒಪ್ಪಿಗೆ ಕೊಟ್ಟಿದೆ.

ಎಥಿಲೀನ್ ಗಿಡದ ಮೈಯಲ್ಲೇ ಹುಟ್ಟುವ ಒಂದು ಹಾರ್ಮೋನು. ಹಣ್ಣಾಗು, ಮುದಿಯಾಗು, ಉದುರು ಎಂದು ಹೇಳುವುದು ಅದರ ಕೆಲಸ. ಹೊರಗಿನಿಂದ ಬಂದರೂ ಗಿಡಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಕಾಯಿ ಹಣ್ಣು ಮಾಡಲು 100 ಪಿಪಿಎಂವರೆಗೆ ಬಿಟ್ಟರೆ, ಟೊಮ್ಯಾಟೊ ಎಲೆ ಬಾಗಲು 0.1 ಪಿಪಿಎಂ ಆಸುಪಾಸು ಸಾಕು. ತೊಟ್ಟಿನ ಮೇಲ್ಭಾಗದ ಕೋಶಗಳು ಕೆಳಭಾಗಕ್ಕಿಂತ ಜೋರಾಗಿ ಉದ್ದವಾಗುತ್ತವೆ. ಹಾಗಾಗಿ ತೊಟ್ಟು ಕೆಳಕ್ಕೆ ಬಾಗುತ್ತದೆ. ಎಲೆ ಸ್ಪ್ರಿಂಗಿನ ಹಾಗೆ ಎದುರು ಒತ್ತಿದ್ದು ಯಾಕೆ ಎಂದು ಆಗ ಅರ್ಥವಾಯಿತು. ಅದು ಸೋತು ಬಾಗಿದ್ದಲ್ಲ, ಬೆಳೆದು ಬಾಗಿದ್ದು. ಎಥಿಲೀನಿನ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ. ಮೇಲೂ ಏರದೆ, ಕೆಳಗೂ ಕೂರದೆ ಎಲ್ಲ ಕಡೆ ಸಮನಾಗಿ ಬೆರೆಯುತ್ತದೆ. ಮೇಲಿನ ಹಲಗೆ, ಕೆಳಗಿನ ಹಲಗೆ ಎಂಬ ಭೇದ ಇರದಿದ್ದದ್ದು ಅದಕ್ಕೇ.

ಇದು ಹೊಸ ಕತೆಯೂ ಅಲ್ಲ. ಯೂರೋಪಿನ ಊರುಗಳಲ್ಲಿ ಬೀದಿ ದೀಪಕ್ಕೆ ಗ್ಯಾಸು ಉರಿಸುತ್ತಿದ್ದ ಕಾಲದಲ್ಲಿ, ಪೈಪು ಸೋರಿದ ಕಡೆ ಸಾಲುಮರಗಳು ಎಲೆ ಉದುರಿಸುತ್ತಿದ್ದವು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ದಿಮಿತ್ರಿ ನೆಲ್ಯುಬೊವ್ ಎಂಬ ವಿದ್ಯಾರ್ಥಿಯ ಬಟಾಣಿ ಮೊಳಕೆಗಳು ಲ್ಯಾಬಿನೊಳಗೆ ಅಡ್ಡಡ್ಡ ಬೆಳೆಯುತ್ತಿದ್ದವು, ಹೊರಗಿನ ಗಾಳಿ ಕೊಟ್ಟರೆ ನೆಟ್ಟಗಾಗುತ್ತಿದ್ದವು. ಲ್ಯಾಬಿನ ದೀಪದ ಗ್ಯಾಸಿನಲ್ಲಿದ್ದ ಎಥಿಲೀನೇ ಕಾರಣ ಎಂದು ಅವನು 1901ರಲ್ಲಿ ಪ್ರಕಟಿಸಿದ. ಹಣ್ಣು ತಾನೇ ಎಥಿಲೀನ್ ಬಿಡುತ್ತದೆ ಎಂದು ರಿಚರ್ಡ್ ಗೇನ್ ಎಂಬ ವಿಜ್ಞಾನಿ ತೋರಿಸಿದ್ದು 1934ರಲ್ಲಿ. ಅಷ್ಟರಲ್ಲಿ ನಮ್ಮ ಕಡೆ ಎಷ್ಟು ತಲೆಮಾರು ಗೊನೆಗೆ ಹೊಗೆ ಹಾಕಿತ್ತೋ.

ಆದರೂ ಅವ್ವ ಹೇಳಿದಳು ಎಂದು ನಂಬಿ ಕೂರುವ ಹಾಗಿರಲಿಲ್ಲ. ಕಾರ್ಬನ್ ಮಾನಾಕ್ಸೈಡ್ ಇದ್ದದ್ದು ಅಲಾರಂ ತೋರಿಸಿತು, ಎಥಿಲೀನ್ ಅಳೆಯುವ ಯಂತ್ರ ನನ್ನ ಹತ್ತಿರ ಇಲ್ಲ. ಗ್ರೀನ್‌ಹೌಸ್ ಇಟ್ಟವರು ಇದಕ್ಕೆ ಬಳಸುವ ಅಗ್ಗದ ಯಂತ್ರ ಒಂದಿದೆ, ಟೊಮ್ಯಾಟೊ ಸಸಿ. ಅಂಗಡಿಯಿಂದ ಒಂದೇ ಎತ್ತರದ ಎರಡು ಸಸಿ ತಂದೆ. ಒಂದು ಅಡುಗೆಮನೆಯಲ್ಲಿ, ಇನ್ನೊಂದು ಗ್ರೀನ್‌ಹೌಸಿನಲ್ಲಿ. ಮೆಣಸಿನ ಟ್ರೇಗಳನ್ನೆಲ್ಲ ಒಂದು ರಾತ್ರಿಗೆ ಮನೆಯ ಹಾಲಿಗೆ ಹೊತ್ತು ತಂದು, ಹೀಟರ್ ಹಚ್ಚಿ, ಬಾಗಿಲಿಗೆ ಬೀಗ ಹಾಕಿ ಮಲಗಿದೆ. ಬೆಳಗ್ಗೆ ಮೊದಲು ಸಿಲಿಂಡರ್ ಬಂದ್ ಮಾಡಿ, ಹತ್ತು ನಿಮಿಷ ಬಾಗಿಲು ತೆರೆದಿಟ್ಟು ಒಳಗೆ ಹೋದೆ. ಗ್ರೀನ್‌ಹೌಸಿನ ಟೊಮ್ಯಾಟೊ ಕೊಡೆ ಮಡಚಿತ್ತು. ಅಡುಗೆಮನೆಯದು ಆರಾಮಾಗಿ ಕೈ ಚಾಚಿಕೊಂಡಿತ್ತು. ಪಕ್ಕದಲ್ಲಿ ಅದೇ ಬೀಜದ, ಅದೇ ಮಣ್ಣಿನ, ಅದೇ ನೀರಿನ ಎಂಟು ಮೆಣಸಿನ ಸಸಿಗಳೂ.

ಲ್ಯಾಬಿನ ಡಬ್ಬಿಯನ್ನು ಅಟ್ಟಕ್ಕೆ ಹಾಕಿದೆ.

ಬಿಸಿಯನ್ನು ಮತ್ತೆ ಹೊಂದಿಸಿದ್ದು

ಹೀಟರನ್ನು ಚೊಕ್ಕಟ ಮಾಡಿ, ಕಿಂಡಿ ತೆರೆದು ಮತ್ತೆ ಬಳಸಬಹುದಿತ್ತು. ಪ್ರತಿ 2,000 ಬಿಟಿಯುಗೆ ಒಂದು ಚದರ ಇಂಚು ಕಿಂಡಿ ಬಿಡಬೇಕು ಎನ್ನುವುದು ಸಾಮಾನ್ಯವಾಗಿ ಹೇಳುವ ಲೆಕ್ಕ. ನನ್ನದಕ್ಕೆ 9 ಚದರ ಇಂಚು, ಹೆಚ್ಚುಕಡಿಮೆ ಮೂರೂವರೆ ಇಂಚಿನ ಪೈಪಿನ ಬಾಯಿ. ಆದರೆ ಚಿಮಣಿಯಿಲ್ಲದ ಬೆಂಕಿಯ ಇನ್ನೊಂದು ಕಾಟ ನೀರು. ಒಂದು ಕೆ.ಜಿ. ಪ್ರೊಪೇನ್ ಉರಿದರೆ 1.6 ಕೆ.ಜಿ. ನೀರಾವಿ ಹುಟ್ಟುತ್ತದೆ. ಒಂದು ಸಿಲಿಂಡರಿಗೆ ಸುಮಾರು 15 ಲೀಟರ್. ರಾತ್ರಿಗೆ ಐದು ಲೀಟರ್ ನೀರು ಮಾಡಿನಿಂದ ಸಸಿಯ ತಲೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಫಂಗಸ್ಸಿಗೆ ಅದಕ್ಕಿಂತ ಒಳ್ಳೆಯ ಆಹ್ವಾನ ಬೇಕೆ? ಮತ್ತೆ, ಆ 64 ಎಂಬ ಅಂಕಿ ಕಣ್ಣಿಂದ ಹೋಗಿರಲಿಲ್ಲ.

ಕೊನೆಗೆ ಎಲೆಕ್ಟ್ರಿಷಿಯನ್ ಕೇಳಿದ ದುಡ್ಡು ಕೊಟ್ಟೆ. ಹಿತ್ತಲಿಗೆ 20 ಆಂಪಿಯರಿನ ಇನ್ನೊಂದು ಲೈನು, ಒದ್ದೆ ಜಾಗದಲ್ಲಿ ಶಾಕ್ ಹೊಡೆಯುವ ಮೊದಲೇ ಕಡಿದುಕೊಳ್ಳುವ ಪ್ಲಗ್ಗು ಸಮೇತ. ಲೆಕ್ಕವನ್ನೂ ತಿರುಗಿಸಿ ಹಾಕಿದೆ. ಇಡೀ ಗ್ರೀನ್‌ಹೌಸಿಗೆ 16 ಡಿಗ್ರಿ ಯಾಕೆ ಬೇಕು? ಸಸಿ ಇರುವುದು ಒಂದು ಬೆಂಚಿನ ಮೇಲೆ. 2.4 ಮೀಟರಿಗೆ ಒಂದು ಮೀಟರಿನ ಬೆಂಚಿಗೆ ಪಿವಿಸಿ ಪೈಪು ಬಗ್ಗಿಸಿ, ಪ್ಲಾಸ್ಟಿಕ್ ಹೊದೆಸಿ, ಮೊಣಕಾಲುದ್ದಕ್ಕೂ ಸ್ವಲ್ಪ ಮೇಲೆ ಬರುವ ಗೂಡು ಮಾಡಿದೆ. ಅದರೊಳಗೆ ಬೀಜಕ್ಕೆ ಬಳಸುವಂಥದ್ದೇ ನಾಲ್ಕು ಹೀಟ್ ಮ್ಯಾಟು, ಎಲ್ಲ ಸೇರಿ 430 ವ್ಯಾಟ್. ಗೂಡಿನಾಚೆ, ಗ್ರೀನ್‌ಹೌಸಿನ ನೆಲದ ಮೇಲೆ 1,500 ವ್ಯಾಟಿನ ಒಂದು ಹೀಟರ್, 5 ಡಿಗ್ರಿಗೆ ತಿರುಗಿಸಿಟ್ಟದ್ದು. ಹೊರಗೆ ಮೈನಸ್ 9 ಇದ್ದರೆ ಇಡೀ ಗ್ರೀನ್‌ಹೌಸಿಗೆ 16 ಡಿಗ್ರಿ ಕೊಡಲು 3,500 ವ್ಯಾಟ್ ಬೇಕಿತ್ತು. ಈಗ ಎರಡು ಸಾವಿರದೊಳಗೆ ಮುಗಿಯಿತು. ತೀರ ಚಳಿಯ ರಾತ್ರಿ ಗೂಡಿನ ಮೇಲೆ ಒಂದು ಹಳೆಯ ಕಂಬಳಿ.

ಗಾಳಿ 14ಕ್ಕೆ ಇಳಿದರೂ ಬೇರಿಗೆ 21, 22 ಸಿಕ್ಕಿದರೆ ಮೆಣಸಿನ ಸಸಿ ಬೇಸರಿಸುವುದಿಲ್ಲ ಎಂದು ಆಗ ಕಂಡುಕೊಂಡೆ. ಮುಂಚೆಯೇ ಹೊಳೆದಿದ್ದರೆ ಎರಡು ವರ್ಷದ ಗ್ಯಾಸಿನ ದುಡ್ಡು ಉಳಿಯುತ್ತಿತ್ತು.

ಸಸಿಗಳ ಗತಿ

ಶುದ್ಧ ಗಾಳಿ ಸಿಕ್ಕ ಮೂರನೇ ದಿನಕ್ಕೆ ಎಳೆಯ ಎಲೆಗಳ ತೊಟ್ಟು ಅರ್ಧ ಎದ್ದಿತು. ಹಳದಿಯಾದದ್ದು ಹಸಿರಾಗಲಿಲ್ಲ, ಒಂದೊಂದೇ ಉದುರಿತು. ಹತ್ತು ದಿನಕ್ಕೆ ಹೊಸ ಎಲೆ ಬಂತು, ಚಪ್ಪಟೆಯಾಗಿ, ನೆಟ್ಟಗೆ. 48ರಲ್ಲಿ ಏಳು ಸಸಿ ಸತ್ತವು. ಅವುಗಳಲ್ಲಿ ಹೆಚ್ಚಿನವನ್ನು ಕೊಂದದ್ದು ಎಥಿಲೀನ್ ಅಲ್ಲ, ಮೇಲಿಂದ ನಾನು ಹಾಕಿದ ಬೇವಿನ ಎಣ್ಣೆ ಮತ್ತು ನೀರಿನ ಉಪವಾಸ ಎಂದು ನನ್ನ ಅನುಮಾನ. ಆರು ಸಸಿ ಬದುಕಿದರೂ ಕುಳ್ಳಾಗಿ ಉಳಿದವು. 35 ಸಸಿ ನೆಡುವ ಹಾಗಾದವು.

ಮೇ 28ಕ್ಕೆ ನೆಟ್ಟೆ. ಅಡುಗೆಮನೆಯ ಎಂಟು ಸಸಿ ಎರಡು ಮೂರು ವಾರ ಮುಂದಿರುತ್ತವೆ ಎಂದು ಲೆಕ್ಕ ಹಾಕಿದ್ದೆ. ಕಿಟಕಿಯ ಬೆಳಕು ಸಾಲದೆ ಅವು ಉದ್ದುದ್ದ ಹೋಗಿ, ಮೊದಲ ಗಾಳಿಗೇ ಅಡ್ಡ ಬಿದ್ದವು. ಕೋಲು ಕಟ್ಟಿ ನಿಲ್ಲಿಸಬೇಕಾಯಿತು. ಜುಲೈ ಮಧ್ಯಕ್ಕೆ ಎರಡೂ ಗುಂಪು ಸರಿಸಮ. ಹೂವು ಮಾತ್ರ ಗ್ರೀನ್‌ಹೌಸಿನವಕ್ಕೆ ಹತ್ತು ದಿನ ತಡ. ಇಲ್ಲಿಯ ಬೇಸಿಗೆಯಲ್ಲಿ ಹತ್ತು ದಿನ ಎಂದರೆ ಸಣ್ಣ ಮಾತಲ್ಲ. ಸೆಪ್ಟೆಂಬರ್ ಕೊನೆಗೆ ಗಿಡದಲ್ಲಿ ಕೆಂಪಾದದ್ದು ಅರ್ಧ ಕಾಯಿ. ಮೊದಲ ಹಿಮದ ಎಚ್ಚರಿಕೆ ಬಂದ ರಾತ್ರಿ ಗಿಡಗಳನ್ನು ಬೇರು ಸಮೇತ ಕಿತ್ತು ಗ್ಯಾರೇಜಿನ ತೊಲೆಗೆ ತಲೆಕೆಳಗಾಗಿ ತೂಗುಹಾಕಿದೆ.

ಹಸಿರು ಕಾಯಿಗಳನ್ನು ಏನು ಮಾಡುವುದು? ಪೂರ್ತಿ ಬಲಿತು, ಬಣ್ಣ ತಿರುಗಲು ಶುರುವಾದವನ್ನು ಆರಿಸಿ ಒಂದು ಕಾಗದದ ಚೀಲಕ್ಕೆ ಹಾಕಿದೆ. ಜತೆಗೆ ಎರಡು ಹಣ್ಣಾದ ಬಾಳೆಹಣ್ಣು ಇಟ್ಟು ಬಾಯಿ ಮಡಚಿದೆ. ಮೆಣಸಿನಕಾಯಿ ಬಾಳೆಯಷ್ಟು ಸುಲಭವಾಗಿ ಈ ಮಾತು ಕೇಳುವುದಿಲ್ಲ. ಎಲ್ಲವೂ ಕೆಂಪಾಗಲಿಲ್ಲ. ಆದವನ್ನು ಒಣಗಿಸಿ ಪುಡಿ ಮಾಡಿದರೆ ಒಂದು ಹಾರ್ಲಿಕ್ಸ್ ಬಾಟಲಿ ತುಂಬಿತು. ಅವ್ವನಿಗೆ ಫೋಟೊ ಕಳಿಸಿದೆ. ಬಣ್ಣ ಪರವಾಗಿಲ್ಲ, ಇನ್ನೊಂದು ಬಿಸಿಲು ಬೇಕಿತ್ತು ಅಂದಳು.

ಈ ಫೆಬ್ರವರಿಯಲ್ಲಿ ಮತ್ತೆ ಬೀಜ ಹಾಕಿದ್ದೇನೆ. ಪ್ರೊಪೇನ್ ಹೀಟರ್ ಗ್ಯಾರೇಜಿನಲ್ಲಿದೆ, ಕರೆಂಟ್ ಹೋದ ರಾತ್ರಿಗೆ ಮಾತ್ರ, ಅದೂ ಕಿಂಡಿ ತೆರೆದಿಟ್ಟು. ಕೊಳವೆಯ ಬಾಯಿಗೆ ಬಟ್ಟೆ ಕಟ್ಟಿಟ್ಟಿದ್ದೇನೆ. ಗ್ರೀನ್‌ಹೌಸಿನ ಒಳಗೆ ಅದರದ್ದೇ ಒಂದು ಅಲಾರಂ ಇದೆ. ಬಾಗಿಲು ತೆಗೆದ ಕೂಡಲೇ ಕಣ್ಣಿಗೆ ಬೀಳುವ ಜಾಗದಲ್ಲಿ ಒಂದು ಟೊಮ್ಯಾಟೊ ಸಸಿ ಇಟ್ಟಿದ್ದೇನೆ. ಬೆಳಗ್ಗೆ ಮೊದಲು ನೋಡುವುದು ಅದರ ತೊಟ್ಟನ್ನು.